ಹಾಡಿಗೆ ಬಂದ್, ಮಾತಿಗೆ ಚಾಲೂ

ಬ್ಯಾಟರಿ ಉಳಿಸುವವರ ಕೈಗೆ ಸಿಗುವ ಹಾಗೆ ರೆಕಾರ್ಡರ್ ಇಡಬಾರದು. ನಾನು ಮೊದಲೇ ಹೇಳಿದ್ದೆ. ಯಾರೂ ಕೇಳಲಿಲ್ಲ.

ನಮ್ಮದು ಹಳದೀಪುರದ ಹೆಂಗಸರ ಭಜನಾ ಮಂಡಳಿ. ಹಾರ್ಮೋನಿಯಂ ನುಡಿಸುತ್ತ ಮುಂದೆ ಹಾಡುವವರು ನನ್ನ ಅತ್ತಿಗೆ, ಗಂಡನ ಅಕ್ಕ. ನಾನು ತಾಳದವಳು. ಅತ್ತಿಗೆಯ ಗಂಟಲಲ್ಲಿ ಗಂಟಾಯಿತು. ಮಂಗಳೂರಲ್ಲಿ ಆಪರೇಷನ್ ಮಾಡಬೇಕು, ಮಾತು ಬರಬಹುದು, ಹಾಡುವ ಸ್ವರದ ಖಾತ್ರಿ ಇಲ್ಲ ಎಂದರು ಡಾಕ್ಟರು. ಅತ್ತಿಗೆ ಅಳಲಿಲ್ಲ. ಕುಮಟೆಯಲ್ಲಿ ಒಪ್ಪಿಕೊಂಡ ಕಾರ್ಯಕ್ರಮ ಮುಗಿಸಿಯೇ ಹೋಗುತ್ತೇನೆ, ಅದನ್ನು ಸರಿಯಾಗಿ ವಿಡಿಯೋ ಮಾಡಿಸಿ, ಹೋಗುವ ಮೊದಲು ನಾನೊಮ್ಮೆ ಕೇಳಬೇಕು ಎಂದರು. ಅದರಲ್ಲೂ ಕಡೆಯ ಹಾಡು. ಅದು ಅವರ ತಾಯಿ ಕಲಿಸಿದ್ದು.

ವಿಡಿಯೋ ಮಾಡಿದವಳು ನನ್ನ ಸೊಸೆ. ಭಟ್ಕಳದವಳು. ಹೊನ್ನಾವರದ ಸ್ಟುಡಿಯೋ ಒಂದರಲ್ಲಿ ಮದುವೆ ವಿಡಿಯೋ ಕತ್ತರಿಸಿ ಜೋಡಿಸುವುದು ಅವಳ ಕೆಲಸ. ಮದುವೆಗೆ ಮೇಲಿಂದ ಒಂದು ಸಿನಿಮಾ ಹಾಡು ಹಾಕಿದರೆ ಮುಗಿಯಿತು. ಇದು ಹಾಗಲ್ಲ. ಮೂರು ಕ್ಯಾಮೆರಾ ಇಟ್ಟಳು: ಎದುರಿಗೊಂದು, ಬದಿಗೊಂದು, ಬಾಗಿಲ ಹತ್ತಿರ ಒಂದು. ಕ್ಯಾಮೆರಾದಲ್ಲಿ ಸ್ವರ ಚೆನ್ನಾಗಿ ಬರುವುದಿಲ್ಲವಂತೆ. ಅದಕ್ಕೆ ಹಾರ್ಮೋನಿಯಂ ಪಕ್ಕ ಸಣ್ಣದೊಂದು ರೆಕಾರ್ಡರ್ ಇಟ್ಟು ಚಾಲೂ ಮಾಡಿದಳು. ಆಮೇಲೆ ಅದರ ಸ್ವರವನ್ನು ಚಿತ್ರಕ್ಕೆ ಹೊಂದಿಸುವುದು.

"ಅತ್ತೆ, ಶುರು ಮಾಡೂಕೆ ಮುಂಚೆ ನೀವು ಒಂದೇ ಒಂದು ಚಪ್ಪಾಳೆ ಹೊಡೀರಿ. ಅದ್ನ ಹಿಡ್ಕಂಡು ನಾನು ನಾಲ್ಕನ್ನೂ ಜೋಡಿಸ್ತೆ."

ಭಜನೆಯವರಲ್ಲಿ ಒಂದು ಚಪ್ಪಾಳೆ ಎಂಬುದೇ ಇಲ್ಲ. ನಾನು ಒಂದು ಹೊಡೆದೆ. ತಾಳ ಬಂತು ಎಂದು ಎಲ್ಲರೂ ಹೊಡೆಯತೊಡಗಿದರು. ಹಿಂದಿನ ಸಾಲಿನವಳು ಹಾಡನ್ನೇ ಎತ್ತಿಬಿಟ್ಟಳು. ಸೊಸೆ ತಲೆಯ ಮೇಲೆ ಕೈ ಇಟ್ಟಳು.

ಮರುದಿನ ಕಂಪ್ಯೂಟರಿನ ಮುಂದೆ ಅವಳ ಪಕ್ಕ ನನ್ನನ್ನೂ ಕೂರಿಸಿದಳು. ಅವಳಿಗೆ ನಮ್ಮ ಹಾಡು ಗೊತ್ತಿಲ್ಲ, ಯಾವ ನುಡಿ ಯಾವುದು ಎಂದು ಹೇಳಲು ಜನ ಬೇಕು. ಸ್ವರವೆಲ್ಲ ಪರದೆಯ ಮೇಲೆ ಬಂಗಡೆ ಮೀನಿನ ಮುಳ್ಳಿನ ಹಾಗೆ ಕಾಣುತ್ತಿತ್ತು.

"ಇದು ಎಷ್ಟನೇ ನುಡಿ ಅತ್ತೆ?"

"ಎರಡನೇದು. ಅಲ್ಲ ಮಾರಾಯ್ತಿ, ನಾವು ಬಾಯಿ ಮುಚ್ಚಿದ ಮೇಲೆ ಹಾಡು ಬರ್ತದಲ್ಲೇ!"

"ಅದಕ್ಕೇ ನಿಮ್ಮನ್ನ ಕೂರ್ಸಿದ್ದು."

ಹಿಂದೆ ಎಳೆ, ಮುಂದೆ ದೂಡು, ಮತ್ತೆ ಹಿಂದೆ ಎಳೆ. ಸೊಂಟ ಬಿದ್ದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಮೊದಲ ಹಾಡು ಹೊಂದಿತು, ಚೆನ್ನಾಗಿಯೇ ಬಂತು. ಎರಡನೆಯದಕ್ಕೆ ನೋಡಿದರೆ ರೆಕಾರ್ಡರಿನಲ್ಲಿ ಹಾಡೇ ಇಲ್ಲ. ಅದರ ಬದಲು ಅತ್ತಿಗೆಯ ದನಿ, ಕಿವಿಯ ಬುಡದಲ್ಲಿ ಕೂತು ಹೇಳಿದಷ್ಟು ಸ್ಪಷ್ಟ:

"ಎಂತ ಆಗಿದೆ ನಿಮಗೆ? ಶ್ರುತಿ ಒಂದ್ಕಡೆ, ನಿಮ್ಮ ಬಾಯಿ ಒಂದ್ಕಡೆ. ಬೆಟ್ಟಕ್ಕೆ ಹೋದ ದನ ಕರ್ದಂಗೆ ಕೂಗೂದಲ್ಲ!"

ಮೂರನೆಯದಕ್ಕೂ ಹಾಗೆಯೇ. ಹಾಡಿಲ್ಲ, ಬೈಗುಳ ಇದೆ. ಬದಿಯ ಕ್ಯಾಮೆರಾದಲ್ಲಿ ಸೊಸೆ ತೋರಿಸಿದಳು: ಮೊದಲ ಹಾಡು ಮುಗಿದದ್ದೇ ಅತ್ತಿಗೆಯ ಕೈ ರೆಕಾರ್ಡರಿನ ಗುಂಡಿ ಒತ್ತುತ್ತಿದೆ. ಮನೆಯಲ್ಲಿ ಫ್ಯಾನು ಲೈಟು ಆರಿಸುತ್ತ ತಿರುಗುವ ಅದೇ ಕೈ.

ಫೋನ್ ಹಚ್ಚಿದೆ.

"ಅತ್ತಿಗೆ, ಅದನ್ನ ಮುಟ್ಟಬೇಡಿ ಅಂತ ಹೇಳಿದ್ದಲ್ದಾ?"

"ಹಾಡಿಲ್ದೆ ಸುಮ್ನೆ ಬ್ಯಾಟರಿ ಹೋಗೂದು ಎಂತಕ್ಕೆ? ಮುಗಿದ ಕೂಡ್ಲೆ ಬಂದ್ ಮಾಡ್ದೆ."

"ಎರಡನೇ ಹಾಡಿಗೆ ಚಾಲೂ ಮಾಡೂದು ಮರ್ತ್ರಿ. ಮುಗಿದಾಗ ಬಂದ್ ಅಂತ ಒತ್ತಿದ್ರಿ, ಅದು ಚಾಲೂ ಆತು. ಅಲ್ಲಿಂದ ಎಲ್ಲ ಉಲ್ಟಾ. ಹಾಡಿಗೆ ಬಂದ್, ನಿಮ್ಮ ಮಾತಿಗೆ ಚಾಲೂ."



"ಕಡೀ ಹಾಡೂ ಇಲ್ವನೇ?"

"ಇಲ್ಲ."

ಸೊಸೆ ಬಿಡಲಿಲ್ಲ. ಎದುರಿನ, ಬದಿಯ ಕ್ಯಾಮೆರಾದಲ್ಲಿ ನನ್ನ ತಾಳದ ಸದ್ದೇ ತುಂಬಿತ್ತು. ಬಾಗಿಲ ಹತ್ತಿರದ್ದರಲ್ಲಿ ಸಿಕ್ಕಷ್ಟು ಸ್ವರ ತೆಗೆದು ಕಡೆಯ ಹಾಡು ಜೋಡಿಸಿದಳು. ಆ ಸ್ವರದ ಜೊತೆ ಫ್ಯಾನು, ಯಾರದೋ ಮಗುವಿನ ಅಳು, ಹೈವೇ ಬಸ್ಸಿನ ಹಾರ್ನು. ಎಷ್ಟು ಕಡಿಮೆ ಮಾಡಿದರೂ ಪೂರ್ತಿ ಹೋಗಲಿಲ್ಲ. ಮಂಗಳೂರಿಗೆ ಹೊರಡುವ ಹಿಂದಿನ ದಿನ ಅತ್ತಿಗೆ ಬಂದು ಕೂತು ಕೇಳಿದರು. ಅವರ ಹಾಡು ನೆರೆಮನೆಯಲ್ಲಿ ಹಾಡಿದ ಹಾಗೆ ದೂರದಲ್ಲಿತ್ತು.

"ಫ್ಯಾನು ಒಳ್ಳೆ ಹಾಡಿದೆ," ಎಂದರು. ಆಮೇಲೆ, "ಆ ಬೈಗುಳ ಹಾಕೇ, ಕೇಳ್ತೆ."

ಸೊಸೆ ಹಾಕಿದಳು. ಅತ್ತಿಗೆ ಎರಡು ಸಲ ಕೇಳಿ ಅದನ್ನು ತಮ್ಮ ಫೋನಿಗೆ ಹಾಕಿಸಿಕೊಂಡರು. ಎಂತಕ್ಕೆ ಎಂದು ನಾನು ಕೇಳಬೇಕಿತ್ತು.

ಆಪರೇಷನ್ ಆಯಿತು. ಜೀವಕ್ಕೆ ತೊಂದರೆ ಇಲ್ಲ. ಹಾಡು ಹೋಯಿತು, ಮಾತು ಪಿಸುಗುಟ್ಟುವಷ್ಟು ಉಳಿದಿದೆ. ಈಗ ಮುಂದೆ ಹಾಡುವವಳು ನಾನು. ಅತ್ತಿಗೆ ಹಾರ್ಮೋನಿಯಂ ಮಾತ್ರ ನುಡಿಸುತ್ತಾರೆ. ನನ್ನ ಸ್ವರ ಒಂದು ಕೂದಲು ಜಾರಿದರೆ ಸಾಕು, ಮಡಿಲಲ್ಲಿ ಇಟ್ಟ ಫೋನ್ ಒತ್ತುತ್ತಾರೆ.

"ಎಂತ ಆಗಿದೆ ನಿಮಗೆ? ಶ್ರುತಿ ಒಂದ್ಕಡೆ..."

ಎದುರಾಡಬೇಕೆಂದರೆ ಅವರು ಬಾಯಿಯನ್ನೇ ತೆರೆದಿರುವುದಿಲ್ಲ. ಕಳೆದ ವಾರ ನಾನು ಸರಿಯಾಗಿಯೇ ಹಾಡಿದ್ದೆ, ಎಲ್ಲರೂ ಹೇಳಿದರು. ಆದರೂ ಒತ್ತಿದರು.