ಎರಡು ಚಂದ್ರರ ಕಡಲು ಕಂಡ ಬಸ್ ಚಾಲಕಿ

ಮೇರಿಪೋರ್ಟ್ ಬಂದರಿನ ಕೊನೆಯ ನಿಲ್ದಾಣ, ಬೆಳಗಿನ ಐದು ಮುಕ್ಕಾಲು. ಖಾಲಿ ಬಸ್ಸಿನ ಸ್ಟಿಯರಿಂಗ್ ಮೇಲೆ ನೋಟ್‌ಬುಕ್ ಒರಗಿಸಿಕೊಂಡು ಮೋರೀನ್ ಬ್ರೇತ್‌ವೇಟ್ ಒಂದು ವಾಕ್ಯ ಬರೆಯುತ್ತಾರೆ, ಮೆಲ್ಲಗೆ ಓದಿಕೊಂಡು ಹೊಡೆದುಹಾಕುತ್ತಾರೆ. ಮತ್ತೆ ಬರೆದು ಓದುತ್ತಾರೆ. ಈ ಸಲ ಉಸಿರು ಎಲ್ಲೂ ಮುಗ್ಗರಿಸುವುದಿಲ್ಲ. ಫ್ಲಾಸ್ಕಿನ ಚಹಾ ಒಂದು ಗುಟುಕು ಕುಡಿದು ಬಾಗಿಲು ತೆರೆಯುತ್ತಾರೆ. ಆರು ಗಂಟೆ ಐದು ನಿಮಿಷಕ್ಕೆ ಬಸ್ಸು ಹೊರಡಬೇಕು.

ಅರವತ್ತೊಂದರ ಮೋರೀನ್ ಈ ಕರಾವಳಿಯಲ್ಲಿ ಬಸ್ಸು ಓಡಿಸಲು ಶುರುಮಾಡಿ ಇಪ್ಪತ್ಮೂರು ವರ್ಷ. ದಿನಕ್ಕೆ ಐದು ಸುತ್ತು, ಪ್ರತಿ ಸುತ್ತಿಗೂ ಒಂಬತ್ತು ನಿಮಿಷ ಬಿಡುವು. ಆ ಬಿಡುವಿನಲ್ಲೇ ಆರು ಫ್ಯಾಂಟಸಿ ಕಾದಂಬರಿಗಳು ಹುಟ್ಟಿವೆ. ಆರರಲ್ಲೂ ಒಂದೇ ಕಥೆ ಮುಂದುವರಿಯುತ್ತದೆ: ಎರಡು ಚಂದ್ರರ ಕೆಳಗಿನ ಕಡಲು, ದಂಡೆಯಲ್ಲಿ ಬಲೆ ಹೆಣೆಯುವ ಹೆಂಗಸರು, ಅವರ ಊರನ್ನು ಕಿತ್ತುಕೊಂಡು ಕೋಟೆಯಲ್ಲಿ ಕೂತ ಅರಸ.

"ಒಂದು ಬಿಡುವಿಗೆ ನಲವತ್ತು ಪದ ಆದ್ರೆ ಹಬ್ಬ. ರಸ್ತೇಲಿ ಕುರಿ ಅಡ್ಡ ಬಂದ ದಿನ ನಾಲ್ಕು" ಎನ್ನುತ್ತಾರೆ.

ಅಪ್ಪ ಮೀನುದೋಣಿಯವರು. ಅಮ್ಮ ಭಾನುವಾರ ಚಾಪೆಲ್‌ನಲ್ಲಿ ಹಾಡುವವರು; ಸಾಲು ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಮೋರೀನರ ಕಿವಿಗೆ ಹತ್ತಿದ್ದು ಅಲ್ಲೇ. ಹದಿನಾರಕ್ಕೆ ಶಾಲೆ ಬಿಟ್ಟು ಶೂ ಕಾರ್ಖಾನೆ ಸೇರಿದರು. ಅದು ಮುಚ್ಚಿದ ಮೇಲೆ ಬಸ್ಸು. ಮೊದಲ ಪುಸ್ತಕವನ್ನು ಹನ್ನೊಂದು ಪ್ರಕಾಶಕರು ಹಿಂದಿರುಗಿಸಿದರು. ಡಿಪೋದಲ್ಲಂತೂ, "ಏನಮ್ಮಾ, ಇವತ್ತು ಡ್ರ್ಯಾಗನ್ನಿಗೆ ಟಿಕೆಟ್ ಕೊಟ್ಯಾ?" ಎಂದು ರೇಗಿಸುವುದು ದಿನದ ಮಾತು.

"ಅದರ ಹತ್ರ ಪಾಸ್ ಇತ್ತು, ಹತ್ತಿಸ್ಕೊಂಡೆ" ಎನ್ನುತ್ತಿದ್ದರು ಮೋರೀನ್.

ಹದಿನೇಳು ವರ್ಷದ ಕಥೆ ಮುಗಿಸುವ ಆರನೆಯ ಪುಸ್ತಕ ಮೂರು ವಾರದಲ್ಲಿ ಅಚ್ಚಿಗೆ ಹೋಗಬೇಕಿತ್ತು. ಕೊನೆಯ ಅಧ್ಯಾಯದ ಪ್ರತಿಯನ್ನು ಮೋರೀನ್ ವಿಲ್ಫ್ರೆಡ್ ಟೈಸನ್ ಕೈಗೆ ಕೊಟ್ಟಿದ್ದರು. ಅಪ್ಪನ ದೋಣಿಯಲ್ಲಿ ಜೊತೆಗಿದ್ದವರು, ಈಗ ಎಂಬತ್ತೆರಡು ವರ್ಷ. ಮಂಗಳವಾರ ಬಸ್ಸು ಹತ್ತಿದವರೇ ಕಾಗದದ ಕಟ್ಟನ್ನು ಬೆರಳಲ್ಲಿ ತಟ್ಟಿದರು.

"ಎರಡು ಚಂದ್ರರಿಗೂ ಒಂದೇ ದಿನ ಹುಣ್ಣಿಮೆ ಅಂದೆ. ಬೆಳಕು ಹರಿಯೋ ಹೊತ್ತಿಗೆ ಹೆಂಗಸರ ನಲವತ್ತು ದೋಣಿ ಅರಸನ ಬಂದರಿಗೆ ನುಗ್ಗಿಸ್ತೀಯ. ಎಲ್ಲಿಗೆ ನುಗ್ಗಿಸ್ತೀಯ, ಕೆಸರಿಗಾ?"

"ಅದು ಕಟ್ಟುಕಥೆ, ವಿಲ್ಫ್ ಮಾಮ."

"ಒಬ್ಬನೇ ಚಂದ್ರ ಇರೋ ನಮ್ಮೂರಲ್ಲೇ ಹುಣ್ಣಿಮೆ ಬೆಳಗ್ಗೆ ಕಡಲು ಪೂರ್ತಿ ಇಳಿದು ಬಂದರು ಬತ್ತಿರುತ್ತೆ. ಅಲ್ಲಿ ಚಂದ್ರರನ್ನ ಇಟ್ಟೋಳು ನೀನೇ ಕಣೇ. ಇಟ್ಟ ಮೇಲೆ ನೀರು ಅವರ ಮಾತು ಕೇಳುತ್ತೆ, ನಿನ್ನ ಮಾತಲ್ಲ."

ಕೊನೆ ಬದಲಿಸಬೇಕೆಂದು ಮೋರೀನ್ ಲಂಡನ್ನಿನ ಪ್ರಕಾಶಕರಿಗೆ ಫೋನ್ ಮಾಡಿದರು. "ಇದನ್ನೆಲ್ಲ ಯಾರು ನೋಡ್ತಾರೆ ಮೇಡಂ? ಈ ತಿಂಗಳು ತಪ್ಪಿದ್ರೆ ಪುಸ್ತಕ ಬರೋದೇ ಅನುಮಾನ" ಎಂದರು ಸಂಪಾದಕರು.

"ವಿಲ್ಫ್ ಮಾಮ ನೋಡಿದಾರೆ" ಎಂದರು ಮೋರೀನ್.

ಮೂರು ವಾರ, ದಿನಕ್ಕೆ ನಲವತ್ತೈದು ನಿಮಿಷ. ಹೊಸ ಕೊನೆಯಲ್ಲಿ ನಲವತ್ತು ದೋಣಿಗಳೂ ದಂಡೆಯಲ್ಲೇ ಉಳಿದವು. ಎರಡು ಚಂದ್ರರು ಕಡಲನ್ನು ದೂರಕ್ಕೆ ಎಳೆದುಕೊಂಡ ಬೆಳಗಿನಲ್ಲಿ ಹೆಂಗಸರು ಬಲೆ ಹೆಗಲಿಗೇರಿಸಿ, ಒದ್ದೆ ಮರಳಿನ ಮೇಲೆ ನಡೆದೇ ಹೋಗುತ್ತಾರೆ. ಕಡಲೇ ಕೋಟೆ ಕಾಯುತ್ತದೆಂದು ಅರಸ ಆ ಕಡೆ ಗೋಡೆಯನ್ನೇ ಕಟ್ಟಿಸಿರಲಿಲ್ಲ. ಅವನ ಹಡಗುಗಳು ಕೆಸರಿನಲ್ಲಿ ಪಕ್ಕಕ್ಕೆ ವಾಲಿ ನೋಡುತ್ತಿರುತ್ತವೆ.

ಹಸ್ತಪ್ರತಿ ಗಡುವಿನ ಹಿಂದಿನ ದಿನ ತಲುಪಿತು. ಪುಸ್ತಕ ಈಗ ನಾಲ್ಕನೆಯ ಮುದ್ರಣದಲ್ಲಿದೆ. ದೇಶದ ಓದುಗರು ಮತ ಹಾಕಿ ವರ್ಷದ ಕಾದಂಬರಿಯಾಗಿ ಆರಿಸಿದ್ದು ಇದನ್ನೇ. ಬಿಡುಗಡೆಯ ದಿನ ಗ್ರಂಥಾಲಯದ ಮುಂದಿನ ಓದುಗರ ಸಾಲು ಮೀನು-ಚಿಪ್ಸ್ ಅಂಗಡಿ ದಾಟಿತ್ತು. ದಿನಾ ರೇಗಿಸುತ್ತಿದ್ದ ಡಿಪೋದವರೇ ಅಂದು ಬಸ್ಸಿನ ಹಣೆಯ ಫಲಕದಲ್ಲಿ ಊರಿನ ಹೆಸರು ತೆಗೆದು, ಮೋರೀನರ ಕಾದಂಬರಿಯ ಬಂದರಿನ ಹೆಸರು ಹಾಕಿ ಕಳಿಸಿದರು. ದಾರಿಯುದ್ದಕ್ಕೂ ಜನ ಕೈಬೀಸಿದರು.

ಬಹುಮಾನದ ಮಾತೆತ್ತಿದರೆ ಮೋರೀನ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ.

"ಬಹುಮಾನ ಕೊಟ್ಟೋರು ನನ್ನ ಭಾಷೆ ಚೆಂದ ಅಂದ್ರು, ಸಂತೋಷ. ವಿಲ್ಫ್ ಮಾಮ ಹೊಸ ಅಧ್ಯಾಯ ಓದಿ ಕನ್ನಡಕ ತೆಗೆದ್ರು. 'ಅಲ್ಲಿದ್ದಿದ್ರೆ ಆ ಮರಳ ಮೇಲೆ ನಾನೂ ಕಾಲಿಡ್ತಿದ್ದೆ ಕಣೇ' ಅಂದ್ರು. ಐವತ್ತು ವರ್ಷ ಕಡಲನ್ನ ನಂಬದೇ ಬದುಕಿದೋರು ಅವರು."