ಪಾಪ, ಆ ಕೊನೆಯವನಿಗೆ ಶ್ರುತಿ ಸೇರುವುದಿಲ್ಲ

ಪಕ್ಕದಲ್ಲಿ ಯಾರಾದರೂ ಹಾಡುತ್ತಿದ್ದರೆ ನನ್ನ ದನಿ ತನ್ನ ದಾರಿ ಬಿಟ್ಟು ಅವರ ಹಿಂದೆ ಹೊರಟುಬಿಡುತ್ತದೆ. ಮೆಲ್ಬರ್ನ್‌ನಲ್ಲಿ, ಬಾಕ್ಸ್ ಹಿಲ್‌ನ ಆಫೀಸಿನಲ್ಲಿ ಕೆಲಸದಲ್ಲಿದ್ದಷ್ಟು ಕಾಲವೂ ಇದರಿಂದ ಪೇಚಾಡಿದ್ದೇನೆ. ಯಾರದಾದರೂ ಹುಟ್ಟುಹಬ್ಬ ಬಂತೆಂದರೆ ಕೇಕಿನ ಸುತ್ತ ನಿಂತು ಹಾಡಬೇಕು. ಚರ್ಚಿನಲ್ಲಿ ಹಾಡಿ ಪಳಗಿದ ಸಹೋದ್ಯೋಗಿಯೊಬ್ಬಳು ಕೊನೆಯ ಸಾಲಿಗೆ ಬಂದಾಗ ತಟ್ಟನೆ ಮೇಲಿನ ಸ್ವರಕ್ಕೆ ಹತ್ತಿಬಿಡುತ್ತಿದ್ದಳು. ಉಳಿದವರು ಇದ್ದಲ್ಲೇ ಇರುತ್ತಿದ್ದರು. ನಾನು ಮಾತ್ರ, ಬಸ್ಸು ಹೊರಟೇಹೋಯಿತೆಂದು ಓಡುವವನ ಹಾಗೆ ಅವಳ ಹಿಂದೆ ಓಡಿ, ಅರ್ಧ ದಾರಿಯಲ್ಲಿ ಉಸಿರು ಸಿಕ್ಕಿಕೊಂಡು, ಯಾವ ಸ್ವರವೂ ಅಲ್ಲದ ಒಂದು ಜಾಗದಲ್ಲಿ ನಿಂತುಬಿಡುತ್ತಿದ್ದೆ. ಆಮೇಲೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದೆ.

ಇದು ನನ್ನೊಬ್ಬನ ಕಾಯಿಲೆಯಲ್ಲ ಎಂಬುದು ನನ್ನ ಸಮಾಧಾನ. ನಾವು ಒಂದೇ ದಾರಿಯಲ್ಲಿ ಹಾಡುವ ಜನ. ಕೆಳಗೆ ತಂಬೂರಿ ನೆಲದ ಹಾಗೆ ಹಾಸಿಕೊಂಡಿರುತ್ತದೆ, ಮೇಲೆ ಹಾಡು ನಡೆಯುತ್ತದೆ. ನೂರು ಮಂದಿ ಸೇರಿದರೂ ನಡೆಯುವ ದಾರಿ ಅದೇ. ಪಾಯಿಂಟ್ ಕುಕ್‌ನಲ್ಲಿ ಸ್ನೇಹಿತರೊಬ್ಬರ ಗ್ಯಾರೇಜಿನಲ್ಲಿ, ಕಾರನ್ನು ಹೊರಗೆ ನಿಲ್ಲಿಸಿ ಜಮಖಾನ ಹಾಸಿ ನಾವು ಭಜನೆ ಮಾಡುತ್ತೇವಲ್ಲ, ಅಲ್ಲಿ ಯಾರಾದರೂ ಬೇರೆ ಸ್ವರದಲ್ಲಿ ಹಾಡಿದರೆ ಅದಕ್ಕೆ ನಮ್ಮಲ್ಲಿ ಇರುವುದು ಒಂದೇ ಹೆಸರು: ಅಪಸ್ವರ. ಅಂಥವರನ್ನು ನಾವು ಹೊರಗೆ ಹಾಕುವುದಿಲ್ಲ. ಪ್ರಸಾದ ಕೊಡುವಾಗ ಒಂದು ಚಮಚ ಹೆಚ್ಚು ಹಾಕಿ ಕ್ಷಮಿಸುತ್ತೇವೆ.

ಅಮ್ಮನಿಂದ ಬಂದ ಬುದ್ಧಿ ಇದು. ಅಪ್ಪನಿಗೆ ಕೋಲಾರದ ಚಿನ್ನದ ಗಣಿಯ ಕಚೇರಿಯಲ್ಲಿ ಗುಮಾಸ್ತನ ಕೆಲಸ. ನಮ್ಮ ಕ್ವಾರ್ಟರ್ಸಿನ ಹಿಂದೆಯೇ ಕ್ಲಬ್ಬು. ಕ್ಲಬ್ಬಿನ ಒಳಗೆ ನಮ್ಮಂಥವರಿಗೆ ಪ್ರವೇಶವಿರಲಿಲ್ಲ, ಆದರೆ ಒಳಗಿನ ಸದ್ದನ್ನು ಬೇಲಿ ತಡೆಯುತ್ತಿರಲಿಲ್ಲ. ಶನಿವಾರದ ಸಂಜೆ ಅಲ್ಲಿ ನಾಲ್ವರು ಆಂಗ್ಲೋ ಇಂಡಿಯನ್ ಹುಡುಗರು ಹಾಡುತ್ತಿದ್ದರು. ಎಲ್ಲರೂ ಗಣಿಯ ಕೆಲಸದವರೇ. ‘ಸೆಕೆಂಡ್ ಶಿಫ್ಟ್ ಬಾಯ್ಸ್’ ಎಂದು ಹೆಸರಿಟ್ಟುಕೊಂಡಿದ್ದರು. ನಾಲ್ಕು ಕಂಠಗಳನ್ನು ಒಂದರ ಮೇಲೊಂದು ಪೇರಿಸಿ ಹಾಡುವುದು ಆ ಕಾಲಕ್ಕೆ ಜಗತ್ತಿನ ಹುಚ್ಚು. ರೇಡಿಯೋ ಮೂಲಕ ಆ ಹುಚ್ಚು ಕೆಜಿಎಫ್‌ಗೂ ಬಂದಿತ್ತು. ಅಮ್ಮ ಮದುವೆಗೆ ಮುಂಚೆ ಮುಳಬಾಗಿಲಿನಲ್ಲಿ ವರ್ಣದವರೆಗೆ ಕಲಿತವಳು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೇಲಿಯ ಹತ್ತಿರ ನಿಂತು ಅವಳು ಆ ಹಾಡುಗಳನ್ನು ಪೂರ್ತಿ ಕೇಳಿದಳು. ಕೇಳಿ, ತೀರ್ಪು ಕೊಟ್ಟಳು:

“ಮೂರು ಹುಡುಗ್ರು ಚೆನ್ನಾಗಿ ಹಾಡ್ತಾರೆ. ಪಾಪ, ಆ ಕೊನೆಯವನಿಗೆ ಶ್ರುತಿನೇ ಸೇರಲ್ಲ. ಆದ್ರೂ ಸೇರಿಸ್ಕೊಂಡಿದಾರೆ ನೋಡು. ಒಳ್ಳೆ ಜನ.”

ಈ ದೃಶ್ಯ ನನಗೆ ಎಷ್ಟು ಸ್ಪಷ್ಟವಾಗಿದೆಯೆಂದರೆ ಅದರ ಬಗ್ಗೆ ನನಗೆ ಅನುಮಾನ ಬರಬೇಕಿತ್ತು. ಬೇಲಿಯ ತಂತಿಯ ತುಕ್ಕು, ಕ್ಲಬ್ಬಿನ ಹಳದಿ ದೀಪ, ಅಮ್ಮನ ಬೆನ್ನಿನ ಬೆವರಿಗೆ ಅಂಟಿದ ಸೀರೆ. ನಿಜವಾದ ನೆನಪು ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಅದರಲ್ಲಿ ಎಲ್ಲೋ ಒಂದು ಕಾಲು ಕಾಣೆಯಾಗಿರುತ್ತದೆ, ಯಾರದೋ ಮುಖದ ಮೇಲೆ ಇನ್ನಾರದೋ ಮೂಗು ಇರುತ್ತದೆ. ಆದರೂ ವರ್ಷಗಟ್ಟಲೆ ನಾನು ಇದನ್ನು ನಂಬಿದೆ. ಅವರ ಒಂದು ಹಾಡನ್ನಂತೂ ಇವತ್ತಿಗೂ ಗುನುಗುತ್ತೇನೆ. ಪದಗಳಿಲ್ಲ, ರಾಗ ಮಾತ್ರ.

ಇನ್ನು ಆ ಕೊನೆಯವನು.

ಹೋದ ವರ್ಷ ಬಾಕ್ಸ್ ಹಿಲ್‌ನ ಆಸ್ಪತ್ರೆಯಲ್ಲಿ ಕಣ್ಣಿಗೆ ಔಷಧಿಯ ಹನಿ ಹಾಕಿಸಿಕೊಂಡು ಕೂತಿದ್ದೆ. ಹನಿ ಹಾಕಿದ ಮೇಲೆ ಲೋಕವೆಲ್ಲ ನೀರಿನಲ್ಲಿ ಕಲಸಿದ ಹಾಗೆ ಕಾಣುತ್ತದೆ. ಓದುವ ಹಾಗಿಲ್ಲ, ಫೋನ್ ನೋಡುವ ಹಾಗಿಲ್ಲ. ಪಕ್ಕದ ಕುರ್ಚಿಯ ಮುದುಕರಿಗೂ ಅದೇ ಸ್ಥಿತಿ. ಅವರು ಎದೆಯ ತಳದಿಂದ ಏನನ್ನೋ ಗುನುಗುತ್ತಿದ್ದರು. ಹಾಡು ಎನ್ನುವ ಹಾಗಿರಲಿಲ್ಲ, ಒಂದೇ ಸ್ವರ ಎರಡು ಸಲ, ಆಮೇಲೆ ಇನ್ನೂ ಕೆಳಗೆ ಒಂದು. ನರ್ಸ್ ಬಂದು ಹುಟ್ಟಿದ ಊರು ಕೇಳಿದಳು. “ಕೋಲಾರ್ ಗೋಲ್ಡ್ ಫೀಲ್ಡ್ಸ್, ಡಾರ್ಲಿಂಗ್” ಎಂದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಎದ್ದು ಯಾರ ಕಡೆಗೆ ತಿರುಗಬೇಕೆಂದು ಕಾಣದೆ ಒಂದು ಕಂಬಕ್ಕೆ ಕನ್ನಡದಲ್ಲಿ, “ನಾನೂ ಕೆಜಿಎಫ್!” ಎಂದೆ.

“ಎನ್ನ ಮ್ಯಾನ್! ಈ ಕಡೆ ತಿರುಗು. ಯಾವ ಲೈನ್ ಮನೆ ನಿಂದು?” ಎಂದಿತು ಎಡಗಡೆಯ ಮಬ್ಬು.

ಅವರೇ ಡೆಸ್ಮಂಡ್ ಅಂಕಲ್. ಎಂಬತ್ತೇಳು ವರ್ಷ. ಅವರ ಕನ್ನಡ ಬಂಗಾರಪೇಟೆಯ ತರಕಾರಿ ಮಾರ್ಕೆಟ್ಟಿನಲ್ಲಿ ಕಲಿತದ್ದು. ಅದರಲ್ಲಿ ಬಹುವಚನವಿಲ್ಲ, ಎಲ್ಲರೂ ‘ನೀನು’, ದೇವರೂ ‘ನೀನು’. ಅರ್ಧ ಗಂಟೆಯಲ್ಲಿ ತಿಳಿಯಿತು: ಅವರು ಸೆಕೆಂಡ್ ಶಿಫ್ಟ್ ಬಾಯ್ಸ್‌ನ ನಾಲ್ಕನೆಯವರು, ಕೆಳದನಿಯವರು. ನನ್ನ ಅಮ್ಮನ ಕರುಣೆಗೆ ಪಾತ್ರರಾದ ಆ ಕೊನೆಯ ಹುಡುಗ. ತಡೆದುಕೊಳ್ಳಲಾಗದೆ ಅಮ್ಮನ ತೀರ್ಪನ್ನು ಹೇಳಿಬಿಟ್ಟೆ. ಅವರು ನಕ್ಕ ರೀತಿಗೆ ನರ್ಸ್ ಓಡಿಬಂದಳು.

“ನಿಮ್ಮಮ್ಮ ಒಬ್ಳೇ ಅಲ್ಲ ಮ್ಯಾನ್. ನಮ್ಮಮ್ಮನೂ ಅದೇ ಹೇಳ್ತಿದ್ಲು.”

ಅವರ ಪಾಲಿನ ಸಾಹಿತ್ಯವನ್ನು ಅವತ್ತೇ ಹಾಡಿ ತೋರಿಸಿದರು. ಕೆಲಸದವರನ್ನು ಹೊತ್ತು ಗಣಿಯ ಆಳಕ್ಕೆ ಇಳಿಯುವ ಕಬ್ಬಿಣದ ಕೇಜಿನ ಬಗ್ಗೆ ತಂಡದ ಕ್ಲಿಫರ್ಡ್ ಎಂಬಾತ ಕಟ್ಟಿದ ಹಾಡು ಅದು. ಮುಖ್ಯ ದನಿ ಕ್ಲಿಫರ್ಡನದು. ಉಳಿದ ಮೂವರು ಅವನ ಮೇಲೆ ಕೆಳಗೆ ಹೆಣೆದುಕೊಳ್ಳುತ್ತಿದ್ದರು. ಡೆಸ್ಮಂಡ್ ಅಂಕಲ್ ಪಾಲಿಗೆ ಬಂದದ್ದು ಒಂದೇ ಪದ: “ಡೌನ್, ಡೌನ್, ಡೌನ್.” ಅದನ್ನಷ್ಟೇ ಕೇಳಿದರೆ, ಬಸ್ಸಿನಲ್ಲಿ ಪಕ್ಕದವರ ಫೋನ್ ಮಾತು ಕೇಳಿದ ಹಾಗೆ. ಹೂಂ, ಹೂಂ, ಅಯ್ಯೋ, ಹೂಂ. ಆ ಕಡೆಯವರು ಏನು ಹೇಳಿದರೆಂದು ನಾವು ಊಹಿಸಿಕೊಳ್ಳಬೇಕು.

ಆ ಕಡೆಯವರು ಈಗ ಇಲ್ಲ. ಕ್ಲಿಫರ್ಡ್ ತೀರಿಕೊಂಡು ವರ್ಷಗಳಾದವು, ಮೂರನೆಯವನೂ ಹೋದ. ಸಿಡ್ನಿಯಲ್ಲಿ ಟೆರೆನ್ಸ್ ಇದ್ದಾರೆ, ಮೇಲಿನ ದನಿಯವರು. ಅವರಿಗೆ ತೊಂಬತ್ತು ತುಂಬುವುದರಲ್ಲಿತ್ತು. ಹುಟ್ಟುಹಬ್ಬಕ್ಕೆ ಅವರು ಕೇಳಿದ್ದ ಉಡುಗೊರೆ ಒಂದೇ: ಕೇಜಿನ ಹಾಡನ್ನು ಇನ್ನೊಂದು ಸಲ ಹಾಡಬೇಕು, ಮೊಮ್ಮಕ್ಕಳು ಕೇಳಬೇಕು. ಆ ಹಾಡನ್ನು ಯಾರೂ ರೆಕಾರ್ಡ್ ಮಾಡಿರಲಿಲ್ಲ.

“ಫೋನಲ್ಲಿ ಹಾಡಿ ನೋಡಿದ್ವಿ,” ಎಂದರು ಡೆಸ್ಮಂಡ್ ಅಂಕಲ್. “ಅವನು ಮೇಲೆ, ನಾನು ಕೆಳಗೆ. ನಡುವೆ ಬರೀ ಫೋನು.”

“ಕ್ಲಿಫರ್ಡ್ ಹಾಡ್ತಿದ್ದದ್ದು ನಿಮಗೆ ನೆನಪಿಲ್ವಾ ಅಂಕಲ್?”

“ಹೆಂಗಿರುತ್ತೆ? ಅವನ ಕಡೆ ಕಿವಿ ಕೊಟ್ರೆ ನನ್ನ ಸ್ವರ ಬಿಟ್ಟುಹೋಗೋದು. ಕೇಳಿಸ್ಕೊಳ್ಳದೇ ಇರೋದನ್ನೇ ಕಲಿತವನು ನಾನು.”

ಹೀಗೆ ಹಾಡಿನ ತಲೆಯೂ ಕಾಲೂ ಉಳಿದು, ಹಾಡೇ ಇಲ್ಲವಾಗಿತ್ತು. ಅದು ಜಗತ್ತಿನಲ್ಲಿ ಇನ್ನೊಬ್ಬನ ಬಳಿ ಮಾತ್ರ ಇತ್ತು. ಬೇಲಿಯಾಚೆ ಅಮ್ಮನ ಸೊಂಟದ ಮೇಲೆ ಕೂತು ಕೇಳಿದವನ ಬಳಿ. ನಾನು ಹೆಮ್ಮೆಯಿಂದ ಗಂಟಲು ಸರಿಮಾಡಿಕೊಂಡು ಗುನುಗಿದೆ. ಅಂಕಲ್ ಕೆಳದನಿ ಸೇರಿಸಿದರು. ಮೊದಲ ಸಾಲು ಬಾಗಿಲಿಗೆ ಚಿಲಕದ ಹಾಗೆ ಕೂತಿತು. ಎರಡನೆಯ ಸಾಲಿನಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ತುಳಿದೆವು.

“ಇದಲ್ಲ ಮ್ಯಾನ್. ಏನೋ ಬೇರೆ ಇದು. ಎಲ್ಲಿಂದ ತಂದೆ?”

ಮನೆಗೆ ಬಂದು ಮೈಸೂರಿಗೆ, ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ನನಗಿಂತ ಐದಾರು ವರ್ಷ ದೊಡ್ಡವಳು. ಹಾಡನ್ನು ಗುನುಗಿ ತೋರಿಸಿ ಬೇಲಿಯ ಕಥೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

“ಅಲ್ವೋ, ಆ ಹುಡುಗ್ರು ಹಾಡೋದು ಬಿಟ್ಟು, ಒಬ್ಬಿಬ್ಬರು ಆಸ್ಟ್ರೇಲಿಯಾಕ್ಕೆ ಹೋದ ಮೇಲೆ ನೀನು ಹುಟ್ಟಿದ್ದು. ಅಮ್ಮನ ಸೊಂಟದ ಮೇಲೆ ಕೂತಿದ್ದೋಳು ನಾನು!”

“ಮತ್ತೆ ಈ ರಾಗ?”

“ಅಮ್ಮ ಅಕ್ಕಿ ಆರಿಸ್ತಾ ಹಾಡ್ಕೋತಿದ್ಲಲ್ಲೋ. ಆ ಎರಡನೇ ಸಾಲು ಅವಳಿಗೆ ಇಷ್ಟವಾಗ್ಲಿಲ್ಲ, ತಾನೇ ಸರಿ ಮಾಡ್ಕೊಂಡಿದ್ಲು. ಆಮೇಲೆ, ಅಲ್ಲಿ ಬೇಲಿ ಇರ್ಲಿಲ್ಲ. ಗೋಡೆ.”

ಗೋಡೆ! ಕ್ಷಣಾರ್ಧದಲ್ಲಿ ತಂತಿಯ ತುಕ್ಕೂ ಹೋಯಿತು, ಸೀರೆಯ ಬೆವರೂ ಹೋಯಿತು. ನೆನಪು ಎಂಬುದು ನಮ್ಮ ಹಾಗೆಯೇ ಒಂದೇ ದಾರಿಯಲ್ಲಿ ಹಾಡುವ ಪ್ರಾಣಿ. ನಾಲ್ಕು ದನಿಯಲ್ಲಿ ಮೂರನ್ನು ಕೈಬಿಟ್ಟು, ಉಳಿದ ಒಂದನ್ನೂ ತನಗೆ ಬೇಕಾದಂತೆ ತಿದ್ದಿಕೊಂಡು, ಅದೇ ನಡೆದದ್ದು ಎಂದು ಸಾಧಿಸುತ್ತದೆ. ನನ್ನದಂತೂ ಹುಟ್ಟುವ ಮುಂಚೆಯೇ ಕ್ಲಬ್ಬಿನ ಸಂಗೀತಕ್ಕೆ ಹೋಗಿಬಂದಿತ್ತು. ಇಷ್ಟಾದರೂ ಫೋನ್ ಇಟ್ಟ ಮೇಲೆ ನಾನು ಮತ್ತೆ ಆ ರಾಗವನ್ನೇ ಗುನುಗುತ್ತಿದ್ದೆ, ಎರಡನೆಯ ಸಾಲಿನಲ್ಲಿ ಮೊದಲ ಸಲ ಎಚ್ಚರದಿಂದ. ಅಲ್ಲೊಂದು ಜಾರುವಿಕೆ ಇದೆ, ಒಂದು ಸಣ್ಣ ಗಮಕ. ಕೆಜಿಎಫ್‌ನ ಯಾವ ಆಂಗ್ಲೋ ಇಂಡಿಯನ್ ಹುಡುಗನ ಗಂಟಲಿನಿಂದಲೂ ಅದು ಬಂದಿರಲು ಸಾಧ್ಯವಿಲ್ಲ. ಅಮ್ಮ ತೀರಿಕೊಂಡು ಬಹಳ ಕಾಲವಾಯಿತು. ಅವಳ ದನಿ ಹೇಗಿತ್ತೆಂದು ಯಾರಾದರೂ ಕೇಳಿದರೆ ನೆನಪಿಲ್ಲ ಎನ್ನುತ್ತಿದ್ದೆ.

ಡೆಸ್ಮಂಡ್ ಅಂಕಲ್‌ಗೆ ಎಲ್ಲವನ್ನೂ ಹೇಳಿ ಕೈಮುಗಿದೆ. “ನಾನು ನಿಮ್ಮ ಹಾಡನ್ನ ಕೇಳೇ ಇಲ್ಲ ಅಂಕಲ್. ಆಗ ನಾನು ಹುಟ್ಟೇ ಇರಲಿಲ್ಲ.”

“ನನಗೆ ಬೇಕಾಗಿರೋದು ಟ್ಯೂನ್ ಮ್ಯಾನ್, ನಿನ್ನ ಬರ್ತ್ ಸರ್ಟಿಫಿಕೇಟ್ ಅಲ್ಲ. ಕಾರ್ ತೆಗಿ.”

ಮೆಲ್ಬರ್ನ್‌ನಿಂದ ಸಿಡ್ನಿಗೆ ಕಾರಿನಲ್ಲಿ ಹೋದವರಿಗೆ ಗೊತ್ತು, ದಾರಿಯಲ್ಲಿ ನೋಡಲು ಹುಲ್ಲು, ಕುರಿ, ಮತ್ತೆ ಹುಲ್ಲು. ಅಷ್ಟು ದೂರವೂ ನಾವು ಅಭ್ಯಾಸ ಮಾಡಿದೆವು. ಆಗುತ್ತಿದ್ದದ್ದು ಇಷ್ಟೇ: ನಾನು ಅಮ್ಮನ ರಾಗ ಹಿಡಿಯುತ್ತಿದ್ದೆ, ಅಂಕಲ್ ಕೆಳಗಿನಿಂದ “ಡೌನ್” ಎನ್ನುತ್ತಿದ್ದರು, ನಾನು ಇಳಿದುಬಿಡುತ್ತಿದ್ದೆ. ಕಾರಿನಲ್ಲಿ ಇಬ್ಬರು, ಸ್ವರ ಒಂದು.

“ನನ್ನ ಹಿಂದೆ ಬರ್ಬೇಡ! ನಾನು ಗಣಿಗೆ ಹೋಗ್ತಿದೀನಿ, ನೀನ್ಯಾಕೆ ಬರ್ತೀಯ? ಮೇಲೇ ನಿಂತ್ಕೋ!” ಎಂದು ಬೈದರು. ಒಮ್ಮೆಯಂತೂ ಊಟಕ್ಕೆ ನಿಲ್ಲಿಸಿದ ಊರಿನಲ್ಲಿ, “ನಿಮ್ಮಮ್ಮ ಗಟ್ಟಿಗಿತ್ತಿ. ನೀನು ಬರೀ ಬಾಲ” ಎಂದುಬಿಟ್ಟರು.

ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿ ನನ್ನ ಮಗಳ ಮನೆಯಲ್ಲಿ ಬ್ಯಾಗ್ ಇಟ್ಟು, ಅಂಕಲ್ ಹಟ ಹಿಡಿದಿದ್ದಕ್ಕೆ ಎರಡೆರಡು ಮಸಾಲೆ ದೋಸೆ ತಿಂದು, ಟೆರೆನ್ಸ್ ಅವರ ಮನೆಗೆ ಹೋದೆವು. ತೆಳ್ಳಗಿನ, ಇಸ್ತ್ರಿ ಮಾಡಿದಂಥ ಮನುಷ್ಯ. ಕನ್ನಡ ಮರೆತಿದ್ದರು, ಇಂಗ್ಲಿಷಿನಲ್ಲೇ ಮಾತು. ಮೂವರೂ ಹಾಡಿದೆವು. ಮೊದಲ ಸಾಲಿಗೆ ಅವರ ಕಣ್ಣು ತುಂಬಿತು. ಎರಡನೆಯದಕ್ಕೆ ಹುಬ್ಬು ಗಂಟಾಯಿತು. ಇದು ಕ್ಲಿಫರ್ಡ್ ಹಾಡಿದ್ದಲ್ಲ, ಇಲ್ಲಿ ಸ್ವರಗಳು ಜಗಳವಾಡುತ್ತಿವೆ, ಎಂದರು. ಹಾಗಾದರೆ ಕ್ಲಿಫರ್ಡ್ ಏನು ಹಾಡುತ್ತಿದ್ದ? ಇಬ್ಬರಿಗೂ ಗೊತ್ತಿರಲಿಲ್ಲ.

ಆ ಸಾಲನ್ನು ಬಿಟ್ಟುಬಿಡೋಣ ಎಂದೆ. ಟೆರೆನ್ಸ್ ಸರಿಯೆಂದು ತಲೆಯಾಡಿಸಿದರು. ಡೆಸ್ಮಂಡ್ ಅಂಕಲ್ ಒಪ್ಪಲಿಲ್ಲ. “ನಿಮ್ಮಮ್ಮ ಇನ್ನು ಜರುಗಲ್ಲ, ಅವಳಿಲ್ಲ. ನಾವಿದೀವಲ್ಲ, ನಾವೇ ಸ್ವಲ್ಪ ಜರುಗೋಣ” ಎಂದು ನನಗೆ ಕನ್ನಡದಲ್ಲಿ ಹೇಳಿ, ಅವರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಆ ಮನುಷ್ಯ, ಯಾರು ಎಷ್ಟು ಎಳೆದರೂ ತನ್ನ ಸ್ವರ ಬಿಡದೆ ಬದುಕಿದವರು, ಮೂರನೆಯ “ಡೌನ್” ಅನ್ನು ಇದ್ದ ಜಾಗದಿಂದ ಎತ್ತಿ ಒಂದು ಮೆಟ್ಟಿಲು ಮೇಲೆ ಇಟ್ಟರು. ಟೆರೆನ್ಸ್ ಗೊಣಗುತ್ತಲೇ ತಮ್ಮದನ್ನು ತುಸು ಸರಿಸಿಕೊಂಡರು. ಬಸ್ಸಿನ ಸೀಟಿನಲ್ಲಿ ಹೆಂಗಸೊಬ್ಬಳಿಗೆ ಜಾಗ ಮಾಡಿಕೊಡುವಾಗ ಗಂಡಸರು ಸರಿಯುತ್ತಾರಲ್ಲ, ಹಾಗೆ.

ಮರುದಿನ ಪಾರ್ಟಿ. ಹಳದಿ ಅನ್ನ, ಕೋಫ್ತಾ ಕರಿ, ಬಲೂನು, ಬೇಸರಗೊಂಡ ಮೊಮ್ಮಕ್ಕಳು. ನಾವು ಎದ್ದು ನಿಂತೆವು. ಇಂಥ ಬರಹದಲ್ಲಿ ಈಗ ಸಭೆ ಸ್ತಬ್ಧವಾಗಬೇಕು. ಆಗಲಿಲ್ಲ, ಅಡುಗೆಮನೆಯಲ್ಲಿ ಯಾರೋ ತಟ್ಟೆ ಬೀಳಿಸಿದರು. ಟೆರೆನ್ಸ್ ಮೇಲಕ್ಕೆ ಹೊರಟರು, ಡೆಸ್ಮಂಡ್ ಅಂಕಲ್ ಗಣಿಗೆ ಇಳಿದರು. ನನ್ನ ದನಿ ಎಂದಿನಂತೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿತು. ಎರಡನೆಯ ಸಾಲು ಬಂತು. ಅಕ್ಕಿ ಆರಿಸುವ ಮೊರದ ಸದ್ದು ಕೇಳಿಸಿತೋ, ಕೇಳಿಸಿತೆಂದು ಈಗ ಸೇರಿಸುತ್ತಿದ್ದೇನೋ, ನನ್ನನ್ನು ನಂಬಬೇಡಿ. ನಾನು ಎಲ್ಲಿಗೂ ಓಡಲಿಲ್ಲ ಎನ್ನುವುದನ್ನು ಮಾತ್ರ ನಂಬಿ. ಅದಕ್ಕೆ ಸಾಕ್ಷಿಗಳಿದ್ದಾರೆ. ನಿಂತಲ್ಲೇ ನಿಂತು, ಆ ಗಮಕವನ್ನು ಜಾರಿಸಿದೆ. ಕೆಳಗೆ ಅಂಕಲ್‌ನ ಸ್ವರ ನೆಲದ ಹಾಗೆ ಇತ್ತು.

ಚಪ್ಪಾಳೆಯಾಯಿತು. ಟೆರೆನ್ಸ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಡೆಸ್ಮಂಡ್ ಅಂಕಲ್ ಮಾತ್ರ ನನ್ನ ಕಿವಿಯ ಹತ್ತಿರ ಬಗ್ಗಿದರು. ಇಷ್ಟು ದಿನ ಇದಕ್ಕಾಗಿಯೇ ಕಾದಿದ್ದರೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ಪಾಪ, ನಿಮ್ಮಮ್ಮಂಗೆ ಶ್ರುತಿನೇ ಸೇರಲ್ಲ ಮ್ಯಾನ್. ಆದ್ರೂ ಸೇರಿಸ್ಕೊಂಡ್ವಿ ನೋಡು. ಒಳ್ಳೆ ಜನ ನಾವು.”