ಡಾಕ್ಟರ ಮಾತು, ನೀಲವ್ವನ ಮಾತು

ಬಾಜು ಮನೆಯ ನೀಲವ್ವ ನಮ್ಮ ಯರಗುಪ್ಪಿಯ ಆಶಾ ಕಾರ್ಯಕರ್ತೆ. ರೋಗದ ಹೆಸರನ್ನು ಮೊದಲು ಡಾಕ್ಟರು ಹೇಳಿದಂತೆಯೇ ಹೇಳುವಳು. ಆಮೇಲೆ ಅದನ್ನು ಹೊಲಕ್ಕೋ ಒಲೆಯ ಮುಂದಕ್ಕೋ ತಂದು ಕೂಡಿಸುವಳು. ಹಿಮೋಗ್ಲೋಬಿನ್ ಇಳಿದ ಬಸುರಿಗೆ, “ನಿನ್ನ ರಕ್ತ ತಿಳಿಸಾರು ಆಗೇತಿ, ಬ್ಯಾಳಿನಽ ಇಲ್ಲ. ಈ ಗುಳಿಗಿ ನುಂಗು” ಎನ್ನುವಳು. ಬಿಪಿ ಎಂದರೆ ಸಣ್ಣ ಪೈಪಿಗೆ ದೊಡ್ಡ ಮೋಟರು. ಶುಗರ್ ಎಂದದ್ದಕ್ಕೆ ಓಣಿಯ ಮುದುಕರೊಬ್ಬರು, “ನಾ ಸಕ್ರಿ ಮುಟ್ಟಿಲ್ಲಬೇ, ಬೆಲ್ಲಾ ತಿಂದೀನಿ” ಎಂದು ಸಿಟ್ಟಾದರು. “ಬೆಲ್ಲದ ತಮ್ಮನಽ ಸಕ್ರಿ. ಸುಮ್ನ ಬೆರಳ ಕೊಡ್ರಿ” ಎಂದು ಸೂಜಿ ಚುಚ್ಚಿದಳು.

ನಾನು ದೊಡ್ಡವರ ಮುಂದೆ ಬಾಯಿ ಬಿಡಲು ಅಂಜುವವಳು. ಮೊಮ್ಮಕ್ಕಳಿರಾ, ನಿಮ್ಮ ಅಜ್ಜನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದಾಗ ಅವಳನ್ನೇ ಜೊತೆಗೆ ಕರೆದುಕೊಂಡು ಹೋದೆ. “ಕಿಡ್ನಿ ಅಂದ್ರ ಜರಡಿ, ಯಕ್ಕಾ. ಕಸ ಕಟ್ಟೇತಿ” ಎಂದಿದ್ದಳು. ಜರಡಿಯಾದರೆ ಝಾಡಿಸಿದರೆ ಬಿಟ್ಟೀತು ಎಂದು ನನಗೆ ಆಸೆ.

ಒಂದು ಮುಂಜಾನೆ ಡಾಕ್ಟರು ಅವಳನ್ನು ಹೊರಗೆ ಕರೆದು ಮಾತಾಡಿದರು. ಬಂದು ನನ್ನ ಮಗ್ಗುಲಲ್ಲಿ ಕೂತು, “ಕ್ರಿಯಾಟಿನಿನ್ ಏರೇತಿ. ಪೊಟ್ಯಾಶಿಯಂ ಏರೇತಿ. ಡಯಾಲಿಸಿಸ್ ಮಾಡಾಕ ಬಿಪಿ ನಿಂದ್ರವಲ್ದು” ಎಂದಳು. ನಾನು ಕಾದೆ. ಹೊಲವೂ ಬರಲಿಲ್ಲ, ಒಲೆಯೂ ಬರಲಿಲ್ಲ.

“ನಮ್ಮ ಮಾತಿನ್ಯಾಗ ಹೇಳ, ನೀಲವ್ವಾ.”

“ಅದಽ ಯಕ್ಕಾ, ಪೊಟ್ಯಾಶಿಯಂ...”

ಅವಳ ಕೈ ಹಿಡಿದೆ. “ಬದುಕ್ತಾರೋ ಇಲ್ಲೋ?”

“ಇಲ್ಲಕ್ಕಾ,” ಎಂದಳು, ನೆಲ ನೋಡುತ್ತ. “ಮಾವಾರು ಯಾರನ್ನ ನೋಡಬೇಕಂತಾರೋ ಇವತ್ತಽ ಕರಸು.”

ನಿಮ್ಮ ಅವ್ವಂದಿರು ಮಧ್ಯಾಹ್ನದೊಳಗೆ ಬಂದರು. ಅಜ್ಜ ಅವರ ಕೈಯಿಂದ ನೀರು ಕುಡಿದರು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಿದರು. ಸಣ್ಣ ಕೂಸಿಗೆ ಹಲ್ಲು ಬಂತೇ ಎಂದು ಕೇಳಿದರು. ಮರುದಿನ ಅವರಿಗೆ ಎಚ್ಚರವಿರಲಿಲ್ಲ, ಸಂಜೆ ಹೋದರು.

ಅಜ್ಜನ ತಿಥಿ ಕಾರ್ಯದ ದಿನ ನೀಲವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. “ಅವತ್ತ ಯಾಕ ಹಂಗ ಹೇಳಿದಿ?” ಎಂದು ಕೇಳಿದೆ.

“ನಿಮ್ಮನಿ ರೊಟ್ಟಿ ತಿಂದಾಕಿ ನಾ, ಆ ಮಾತು ಬಾಯಿಗೆ ಬರಲಿಲ್ಲ. ಡಾಕ್ಟರ ಮಾತಿನ ಹಿಂದ ಅಡಗಿ ಕುಂಡ್ರಬೇಕಂತ ಮಾಡಿದ್ದೆ. ನೀ ಬಿಡಲಿಲ್ಲ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೋದ ಮಳೆಗಾಲದಲ್ಲಿ ಅವಳಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟಲಿಲ್ಲ. ನಾನು ಅಣ್ಣಿಗೇರಿಯಲ್ಲಿ ತಂಗಿಯ ಮನೆಯಲ್ಲಿದ್ದೆ. ಅವಳ ಮಗ ಫೋನಿನಲ್ಲಿ ಸುತ್ತಿಬಳಸದೆ ಹೇಳಿದ: “ದೊಡ್ಡವ್ವಾ, ಅವ್ವ ತೀರಿಕೊಂಡ್ಲು. ಲಗೂನ ಬಾ.”

ಫೋನು ಇಟ್ಟ ಕೂಡಲೇ ಹೊರಟೆ. ನಾನು ಊರು ಮುಟ್ಟಿದಾಗ ಅವಳ ಮುಖವನ್ನು ಇನ್ನೂ ಮುಚ್ಚಿರಲಿಲ್ಲ.